ಬೆನ್ನು ನೋವು, ಕುತ್ತಿಗೆ ನೋವು: ಊಟದಲ್ಲಿ, ಕೂರುವುದರಲ್ಲಿ ನಾನು ಬದಲಾಯಿಸಿಕೊಂಡದ್ದು

ಕೂತು ಮಾಡುವ ಕೆಲಸ ನನ್ನದು. ಪುಟಗಟ್ಟಲೆ ಕರಡು ತಿದ್ದುವುದು, ಅದೂ ಕಂಪ್ಯೂಟರ್ ಮುಂದೆ. ಈ ಕೆಲಸದಲ್ಲಿರುವ ಬಹಳ ಜನರ ಹಾಗೆ ನನಗೂ ಮೊದಲು ಕುತ್ತಿಗೆ ಹಿಡಿಯಲು ಶುರುವಾಯಿತು, ಆಮೇಲೆ ಸೊಂಟ. ಸಂಜೆ ಹೊತ್ತಿಗೆ ಭುಜ ಬಿಗಿದುಕೊಳ್ಳುತ್ತಿತ್ತು, ಬೆಳಗ್ಗೆ ಎದ್ದರೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೂ ಕಷ್ಟ. ಈಗ ನೋವು ಅಪರೂಪಕ್ಕೆ ಬರುತ್ತದೆ, ಬಂದರೂ ಬೇಗ ಹೋಗುತ್ತದೆ. ಏನು ಮಾಡಿದಿರಿ ಅಂತ ಕೇಳುವವರು ಜಾಸ್ತಿ, ಹಾಗಾಗಿ ಬರೆಯುತ್ತಿದ್ದೇನೆ.

"ಏನು ತಿಂದರೆ ನೋವು ಹೋಗುತ್ತದೆ?" ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ತಿಂದು ನೋವು ಓಡಿಸುವ ಪದಾರ್ಥ ಯಾವುದೂ ಇಲ್ಲ. ಬೆನ್ನಿಗೆ ಮೊದಲು ಬೇಕಾದದ್ದು ಓಡಾಟ. ಆ ಓಡಾಟಕ್ಕೆ ಬೇಕಾದ ಸ್ನಾಯು, ಮೂಳೆ, ನರಗಳನ್ನು ಗಟ್ಟಿಯಾಗಿ ಇಡುವುದು ಊಟದ ಕೆಲಸ. ಈ ಕ್ರಮ ಮನಸ್ಸಿಗೆ ಬಂದರೆ ಉಳಿದದ್ದು ಅಷ್ಟೇನೂ ಕಷ್ಟವಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಕೆಲವು ನೋವು ಮನೆಯಲ್ಲಿ ನೋಡಿಕೊಳ್ಳುವಂಥದ್ದಲ್ಲ. ಮಲ ಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮುಟ್ಟಿದರೂ ಗೊತ್ತಾಗದ ಹಾಗೆ ಜೋಮು ಹಿಡಿಯುವುದು, ಕೈ ಅಥವಾ ಕಾಲಿನ ಬಲ ಕಮ್ಮಿಯಾಗುತ್ತಾ ಹೋಗುವುದು, ಜೋರಾಗಿ ಬಿದ್ದ ಮೇಲೆ ಶುರುವಾದ ನೋವು, ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ಇದರಲ್ಲಿ ಯಾವುದಿದ್ದರೂ ವೈದ್ಯರ ಹತ್ತಿರ ಹೋಗಿ. ಮೊದಲ ಮೂರರಲ್ಲಿ ಒಂದಿದ್ದರೂ ಅದೇ ದಿನ ಹೋಗಿ. ನಾನೂ ತೋರಿಸಿಕೊಂಡೇ ಶುರು ಮಾಡಿದ್ದು. ಅಂಥದ್ದೇನೂ ಇಲ್ಲ ಅಂದ ಮೇಲೆ ಧೈರ್ಯ ಬಂತು. ಸೊಂಟ ನೋವಿನಲ್ಲಿ ಸುಮಾರು ಶೇಕಡ 90ರಷ್ಟು ಹೀಗೇ, ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗದಂಥವು.

ಸ್ಕ್ಯಾನ್ ವರದಿಯಲ್ಲಿ "ಡಿಸ್ಕ್ ಸವೆದಿದೆ" ಅಂತ ಓದಿ ಕುಗ್ಗಿ ಹೋದವರನ್ನು ನೋಡಿದ್ದೇನೆ. ಅವರಿಗೆ ಇದನ್ನು ಹೇಳಲೇಬೇಕು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೆನ್ನು ನೋವೇ ಇಲ್ಲದ 20 ವರ್ಷದವರಲ್ಲಿ ಶೇಕಡ 37 ಜನರ ಸ್ಕ್ಯಾನ್‌ನಲ್ಲಿ ಡಿಸ್ಕ್ ಸವೆತ ಕಂಡಿತ್ತು. 80 ವರ್ಷದವರಲ್ಲಿ ಅದು ಶೇಕಡ 96. ಅಂದರೆ ಕೂದಲು ಬೆಳ್ಳಗಾಗುವ ಹಾಗೆ ಇದೂ ವಯಸ್ಸಿನ ಜೊತೆ ಬರುವಂಥದ್ದು. ಸವೆತ ಇದೆ ಅಂದ ಮಾತ್ರಕ್ಕೆ ನೋವು ಇರಲೇಬೇಕು ಅಂತಿಲ್ಲ.

ಈಗ ಡಿಸ್ಕ್ ವಿಷಯ. ನನ್ನ ದಿನಚರಿಯನ್ನು ನಿಜವಾಗಿ ಬದಲಾಯಿಸಿದ್ದು ಇದನ್ನು ತಿಳಿದುಕೊಂಡದ್ದೇ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತೆ ಕೂತಿರುವ ಡಿಸ್ಕ್‌ಗೆ, ನಾವು ದೊಡ್ಡವರಾದ ಮೇಲೆ, ಹೊರ ಅಂಚು ಬಿಟ್ಟರೆ ರಕ್ತನಾಳವೇ ಇರುವುದಿಲ್ಲ. ಅದಕ್ಕೆ ಬೇಕಾದ ಪೋಷಣೆ ಅಕ್ಕಪಕ್ಕದ ಮೂಳೆಯಿಂದ ನಿಧಾನವಾಗಿ ಇಂಗಿ ಬರಬೇಕು. ಭಾರ ಬಿದ್ದಾಗ ಸ್ವಲ್ಪ ನೀರು ಹೊರಗೆ ಹೋಗುತ್ತದೆ, ಭಾರ ಇಳಿದಾಗ ಒಳಗೆ ಬರುತ್ತದೆ. ಹಗಲೆಲ್ಲ ಹೀಗೆ ನೀರು ಕಮ್ಮಿಯಾಗಿ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಗ್ಗೆ ನಾವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುತ್ತೇವೆ, ಕಾರಣ ಇದೇ. ಹೀಗಿರುವಾಗ ಒಂದೇ ಭಂಗಿಯಲ್ಲಿ ಮೂರು ಗಂಟೆ ಅಲ್ಲಾಡದೆ ಕೂತರೆ ಬೆನ್ನಿಗೆ ಹೇಗೆ ಹಿತವಾಗಬೇಕು, ಅಲ್ವಾ?

ಹಾಗಾಗಿ "ಸರಿಯಾದ ಭಂಗಿ" ಹುಡುಕುವುದರ ಬದಲು ಭಂಗಿಯನ್ನು ಮತ್ತೆ ಮತ್ತೆ ಬದಲಾಯಿಸುವುದಕ್ಕೆ ಒತ್ತು ಕೊಟ್ಟೆ. ಅರ್ಧ ಗಂಟೆಗೊಮ್ಮೆ ಏಳುತ್ತೇನೆ. ಎದ್ದು ವ್ಯಾಯಾಮ ಮಾಡಬೇಕು ಅಂತಲ್ಲ, ಒಂದೆರಡು ನಿಮಿಷ ನಿಂತು, ಸೊಂಟದ ಮೇಲೆ ಕೈ ಇಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆದು ಬರುವುದು. ಅಲಾರಂ ಇಟ್ಟರೆ ಕೆಲಸದ ಭರದಲ್ಲಿ ಸುಮ್ನೆ ಆಫ್ ಮಾಡಿಬಿಡುತ್ತೇವೆ. ಅದಕ್ಕೆ ನೀರಿನ ದೊಡ್ಡ ಬಾಟಲಿಯನ್ನು ಮೇಜಿನಿಂದ ತೆಗೆದು ಒಂದು ಲೋಟ ಮಾತ್ರ ಇಟ್ಟುಕೊಂಡೆ. ಲೋಟ ಖಾಲಿಯಾದರೆ ಏಳಲೇಬೇಕು, ಕುಡಿದ ನೀರು ಇನ್ನೊಮ್ಮೆ ಏಳಿಸುತ್ತದೆ. ಫೋನಿನಲ್ಲಿ ಮಾತು ಬಂದರೆ ನಿಂತು ಅಥವಾ ನಡೆಯುತ್ತಾ ಮಾತಾಡುತ್ತೇನೆ. ನನ್ನ ಪಟ್ಟಿಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಕುತ್ತಿಗೆಗೆ ಬಂದರೆ, ನಮ್ಮ ತಲೆಯ ತೂಕವೇ ಸುಮಾರು ನಾಲ್ಕೂವರೆಯಿಂದ ಐದೂವರೆ ಕೆ.ಜಿ. ತಲೆಯನ್ನು 60 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಭಾರ 27 ಕೆ.ಜಿ.ಯಷ್ಟಾಗುತ್ತದೆ ಎಂದು 2014ರ ಒಂದು ಲೆಕ್ಕಾಚಾರ ಹೇಳುತ್ತದೆ. ಫೋನ್ ನೋಡುವಾಗ ನಮ್ಮ ತಲೆ ಎಲ್ಲಿರುತ್ತದೆ ಅಂತ ಒಮ್ಮೆ ಗಮನಿಸಿ. ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವುದು, ಮೊಣಕೈಗೆ ಆಸರೆಯಾಗಿ ತೊಡೆಯ ಮೇಲೊಂದು ದಿಂಬು ಇಟ್ಟುಕೊಳ್ಳುವುದು, ಇವೆರಡೇ ದೊಡ್ಡ ವ್ಯತ್ಯಾಸ ಮಾಡಿದವು. ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ದಪ್ಪ ಪುಸ್ತಕಗಳನ್ನು ಇಟ್ಟೆ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಬೇಕೇ ಬೇಕು, ಇಲ್ಲದಿದ್ದರೆ ಒಂದೋ ಕುತ್ತಿಗೆ ಸೋಲುತ್ತದೆ, ಇಲ್ಲವೇ ಭುಜ. ಹೆಚ್ಚು ಜನ ಗಮನಿಸದ ಒಂದು ವಿಷಯ ಇದೆ. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರು ಪರದೆ ಓದಲು ಕನ್ನಡಕದ ಕೆಳಭಾಗ ಬಳಸಬೇಕು, ಅದಕ್ಕಾಗಿ ಗೊತ್ತಿಲ್ಲದೆ ಗಲ್ಲ ಮೇಲೆತ್ತಿ ಗಂಟೆಗಟ್ಟಲೆ ಕೂರುತ್ತಾರೆ. ಅಂಥವರು ಪರದೆಯನ್ನು ಇನ್ನಷ್ಟು ಕೆಳಗಿಟ್ಟುಕೊಳ್ಳಬೇಕು, ಅಥವಾ ಕಂಪ್ಯೂಟರ್ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಳ್ಳಬೇಕು. ನಾನು ಬೇರೆ ಕನ್ನಡಕ ಮಾಡಿಸಿಕೊಂಡೆ, ಕುತ್ತಿಗೆಯ ಹಿಂಭಾಗದ ನೋವು ಬಹಳ ಇಳಿಯಿತು.

ಜೊತೆಗೆ ಒಂದು ಸಣ್ಣ ಅಭ್ಯಾಸ. ನೇರ ಕೂತು, ತಲೆ ಬಗ್ಗಿಸದೆ ಎತ್ತದೆ, ಗಲ್ಲವನ್ನು ಹಿಂದಕ್ಕೆ ಎಳೆದುಕೊಂಡು ಐದು ಸೆಕೆಂಡ್ ಹಿಡಿದು ಬಿಡುವುದು, ಹೀಗೆ ಹತ್ತು ಸಲ.

ಇನ್ನು ಊಟ. ಇಲ್ಲಿ ನಾನು ಮೊದಲು ನೋಡಿದ್ದು ಪ್ರೋಟೀನ್. ಬೆನ್ನನ್ನು ಹಿಡಿದು ನಿಲ್ಲಿಸುವುದು ಸ್ನಾಯು, ಸ್ನಾಯುವಿಗೆ ಬೇಕಾದದ್ದು ಪ್ರೋಟೀನ್. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ ಕಡಿಮೆ ಅಂದರೂ 0.8 ಗ್ರಾಂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. 60 ಕೆ.ಜಿ. ತೂಕದವರಿಗೆ 48 ಗ್ರಾಂ ಆಯಿತು. ನನ್ನ ತಟ್ಟೆಯಲ್ಲಿ ಹಿಟ್ಟು, ಅಕ್ಕಿಯ ಪಾಲು ಜಾಸ್ತಿ ಇತ್ತು. ಅದನ್ನು ಸ್ವಲ್ಪ ಇಳಿಸಿ ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಸರು, ಮೊಟ್ಟೆ ಇವುಗಳಲ್ಲಿ ಒಂದಾದರೂ ಇರುವಂತೆ ಮಾಡಿದೆ. ಒಂದೇ ಊಟದಲ್ಲಿ ಎಲ್ಲ ತಿನ್ನುವುದಕ್ಕಿಂತ ದಿನವಿಡೀ ಹಂಚಿಕೊಳ್ಳುವುದು ಒಳ್ಳೆಯದು. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಆಮೇಲೆ ವಿಟಮಿನ್ ಡಿ. ಇದು ತುಂಬಾ ಕಮ್ಮಿಯಾದರೆ ಮೂಳೆ ಮೆತ್ತಗಾಗುತ್ತದೆ, ಮೈ ಕೈ ನೋವು, ಸ್ನಾಯುಗಳ ಸುಸ್ತು ಬರುತ್ತದೆ. ಊಟದಿಂದ ಸಿಗುವುದು ಕಮ್ಮಿ. ಕೊಬ್ಬಿನಂಶ ಇರುವ ಮೀನು, ಮೊಟ್ಟೆಯ ಹಳದಿ, ವಿಟಮಿನ್ ಸೇರಿಸಿದ ಹಾಲು, ಹೆಚ್ಚುಕಮ್ಮಿ ಇಷ್ಟೇ. ಉಳಿದದ್ದು ಬಿಸಿಲು ಚರ್ಮದ ಮೇಲೆ ಬಿದ್ದಾಗ ಆಗಬೇಕು. ದಿನವೆಲ್ಲ ಒಳಗೇ ಕೂರುವ ನಮ್ಮಂಥವರು ರಕ್ತ ಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು. ನನಗೆ ಕಮ್ಮಿ ಇತ್ತು, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ತೆಗೆದುಕೊಂಡೆ. ನೀವಾಗಿಯೇ ದೊಡ್ಡ ಪ್ರಮಾಣದ ಗುಳಿಗೆ ನುಂಗಬೇಡಿ. ಇದು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಬಿ12 ಕೂಡ ಅದೇ ಸಲ ನೋಡಿಸಿ. ಅದು ನರಗಳಿಗೆ ಬೇಕು, ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ಮಾತ್ರ. ಇವು ಯಾವುದನ್ನೂ ತಿನ್ನದವರಿಗೆ ಗುಳಿಗೆಯೋ ಬಿ12 ಸೇರಿಸಿದ ಆಹಾರವೋ ಬೇಕು. ಕೈ ಕಾಲು ಜುಮುಗುಟ್ಟುವುದೆಲ್ಲ ಬೆನ್ನಿನಿಂದಲೇ ಬರುವುದಿಲ್ಲ, ಬಿ12 ಕೊರತೆಯಿಂದಲೂ ಬರಬಹುದು.

ಕ್ಯಾಲ್ಸಿಯಂ ಹೆಚ್ಚಿನ ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ 300ರ ಆಸುಪಾಸು ಸಿಗುತ್ತದೆ, ಉಳಿದದ್ದು ಮೊಸರು, ಎಳ್ಳು, ಸೊಪ್ಪು. ಉಪ್ಪು ಜಾಸ್ತಿ ತಿಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದೂ ಜಾಸ್ತಿ, ಅದಕ್ಕೆ ಕರಿದ ಕುರುಕಲು ತಿಂಡಿ ಕಮ್ಮಿ ಮಾಡಿದೆ.

ಬೆನ್ನು ನೋವಿರುವವರು ಸಂಕೋಚದಿಂದ ಹೇಳದ ಒಂದು ವಿಷಯ ಮಲಬದ್ಧತೆ. ಮಲ ವಿಸರ್ಜನೆಗೆ ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಡಿಸ್ಕ್ ಮೇಲಿನ ಒತ್ತಡವೂ ಏರುತ್ತದೆ. ಕೆಮ್ಮಿದಾಗ, ಸೀನಿದಾಗ ಸೊಂಟ ಚುಳ್ ಅನ್ನುವುದೂ ಇದೇ ಕಾರಣಕ್ಕೆ. ನೋವಿನ ಗುಳಿಗೆಗಳಲ್ಲಿ ಕೆಲವು ಮಲಬದ್ಧತೆಯನ್ನು ಇನ್ನೂ ಹೆಚ್ಚಿಸುತ್ತವೆ. ದಿನಕ್ಕೆ ಕಡಿಮೆ ಅಂದರೂ 25 ಗ್ರಾಂ ನಾರಿನಂಶ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತರಕಾರಿ, ಸಿಪ್ಪೆ ಸಮೇತದ ಹಣ್ಣು, ಇಡೀ ಕಾಳು, ತವುಡು ತೆಗೆಯದ ಧಾನ್ಯ, ಜೊತೆಗೆ ನೀರು. ನಾರು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ. ನನ್ನ ಬೆಳಗಿನ ನೋವಿಗೆ ಊಟದ ಬದಲಾವಣೆಯಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಟ್ಟಿದ್ದು ಇದೇ.

ಅರಿಶಿನ, ಶುಂಠಿ, ಅಗಸೆ ಬೀಜ ಇವನ್ನು ಅಡುಗೆಯಲ್ಲಿ ಬಳಸುತ್ತೇನೆ, ರುಚಿಗೂ ಒಳ್ಳೆಯದು. ಆದರೆ ಚಮಚ ಅರಿಶಿನದಿಂದ ಬೆನ್ನು ಸರಿಹೋಗುತ್ತದೆ ಅಂತ ಯಾರಿಗೂ ಹೇಳುವುದಿಲ್ಲ. ಅದರೊಳಗಿನ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಮ್ಮಿ.

ಸಿಗರೇಟು ಸೇದುವವರಿಗೆ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ, ಬಿಡಿ. ಮೊದಲೇ ರಕ್ತ ಸರಬರಾಜು ಕಮ್ಮಿ ಇರುವ ಡಿಸ್ಕ್‌ಗೆ ಅದು ಇನ್ನೂ ಕಷ್ಟ ಕೊಡುತ್ತದೆ.

ನಡಿಗೆಗೆ ಈಗ ಒಳ್ಳೆಯ ಆಧಾರವೇ ಇದೆ. 2024ರಲ್ಲಿ ಪ್ರಕಟವಾದ, 701 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಸೊಂಟ ನೋವಿನಿಂದ ಚೇತರಿಸಿಕೊಂಡವರಲ್ಲಿ ಕ್ರಮವಾಗಿ ನಡಿಗೆ ಏರಿಸಿಕೊಂಡು ಹೋದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮತ್ತೆ ಬರುವಷ್ಟರಲ್ಲಿ 208 ದಿನ ಕಳೆದಿತ್ತು, ನಡಿಗೆಯ ಕ್ರಮ ಇಲ್ಲದ ಗುಂಪಿನಲ್ಲಿ 112 ದಿನ. ಅವರ ಗುರಿ ವಾರಕ್ಕೆ ಐದು ಸಲ, ಅರ್ಧ ಗಂಟೆ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳುವುದನ್ನು ಮಾತ್ರ ಶುರು ಮಾಡಲಿಲ್ಲ. ಬಹಳ ದಿನದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯೂ ಬೆಲ್ಟ್ ಬೇಡ ಅನ್ನುತ್ತದೆ.

ಮಲಗುವುದು ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬು. ಬೋರಲು ಮಲಗಿದರೆ ರಾತ್ರಿಯಿಡೀ ಕುತ್ತಿಗೆ ಒಂದೇ ಕಡೆ ತಿರುಗಿರುತ್ತದೆ. ಹಾಸಿಗೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಎಷ್ಟೋ ಜನರಿಗಿದೆ. 2003ರಲ್ಲಿ 313 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ತೀರಾ ಗಟ್ಟಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲೇ ನೋವು ಹೆಚ್ಚು ಇಳಿದಿತ್ತು. ಎದ್ದ ಮೇಲೆ ಮೊದಲ ಒಂದು ಗಂಟೆ ಪೂರ್ತಿ ಬಗ್ಗುವ ಕೆಲಸ, ಭಾರ ಎತ್ತುವ ಕೆಲಸ ಮಾಡುವುದಿಲ್ಲ, ಆಗ ಡಿಸ್ಕ್ ನೀರು ತುಂಬಿಕೊಂಡು ಬಿಗಿಯಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಅಪರೂಪಕ್ಕೊಮ್ಮೆ ನೋವು ಮರಳುತ್ತದೆ, ಹೆದರುವುದು ಬೇಡ. ಅಂಥ ದಿನ ಬಿಸಿ ನೀರಿನ ಚೀಲದಿಂದ ಬಟ್ಟೆಯ ಮೇಲೆ ಹದಿನೈದು ನಿಮಿಷ ಶಾಖ ಕೊಡುತ್ತೇನೆ. ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಸ್ವಲ್ಪ ಹೊತ್ತು ಇರುತ್ತೇನೆ. ಆದರೆ ದಿನವೆಲ್ಲ ಮಲಗುವುದಿಲ್ಲ, ಗಂಟೆಗೊಮ್ಮೆ ಎದ್ದು ಮನೆಯೊಳಗೇ ಓಡಾಡುತ್ತೇನೆ. ನೋವು ಅರ್ಧಕ್ಕೆ ಇಳಿದ ಕೂಡಲೇ ಸಂಜೆಯ ನಡಿಗೆಗೆ ಹೊರಡುತ್ತೇನೆ, ಮೊದಲ ದಿನ ಹತ್ತು ನಿಮಿಷ ಸಾಕು.