ಕಾಡಿಗೆ ಹೋದಾಗ ನಾವು ಮೊದಲು ನೋಡೋದು ನೆಲಕ್ಕೆ ಬಿದ್ದ ಬೆಳಕು

ನಮ್ಮದು ಕಾಡು ಸುತ್ತುವ ಒಂದು ಸಣ್ಣ ಬಳಗ. ಮೇಷ್ಟ್ರುಗಳು, ಅಡಿಕೆ ತೋಟದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಕಾಲೇಜು ಹುಡುಗ ಹುಡುಗಿಯರು, ಎಲ್ಲರೂ ಇದ್ದಾರೆ. ಅರಣ್ಯಶಾಸ್ತ್ರ ಓದಿದವರು ತೀರಾ ಕಡಿಮೆ. ಸುತ್ತಾಟಗಳನ್ನು ಹೊಂದಿಸುವ ಕೆಲಸ ನನ್ನದು. ಎಲ್ಲಿಗೆ ಹೋಗಬೇಕು, ಯಾರನ್ನು ಮಾತಾಡಿಸಬೇಕು, ಏನು ನೋಡಬೇಕು ಅಂತ ಮೊದಲೇ ಯೋಚಿಸಿಕೊಳ್ಳುತ್ತೇನೆ. ಇದನ್ನೆಲ್ಲ ಹೇಗೆ ಮಾಡ್ತೀರಿ ಅಂತ ಹಲವರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೋಗುವುದು ಸಫಾರಿಗಲ್ಲ. ಸಫಾರಿ ಕೆಟ್ಟದ್ದು ಅಂತಲ್ಲ, ಆದರೆ ಜೀಪಿನಲ್ಲಿ ಕೂತಾಗ ಕಣ್ಣು ಹುಲಿಯನ್ನೇ ಹುಡುಕುತ್ತಿರುತ್ತದೆ. ಆ ಹುಲಿಯನ್ನು ಉಳಿಸಿರುವ ಹುಲ್ಲು, ಬಿದಿರು, ಕೆರೆ, ಬೆಂಕಿ ಹರಡದ ಹಾಗೆ ಸವರಿಟ್ಟ ಬೆಂಕಿರೇಖೆ ಯಾವುದೂ ಗಮನಕ್ಕೆ ಬರುವುದಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದ ಲೆಕ್ಕ 563 ಹುಲಿ. ಅಷ್ಟು ಹುಲಿಗಳಿಗೆ ಬೇಕಾದ ಜಿಂಕೆ, ಕಡವೆ, ಕಾಟಿಗಳು ಏನು ತಿಂದು ಬದುಕುತ್ತಿವೆ? ಆ ಮೇವು ಎಲ್ಲಿ ಬೆಳೆಯುತ್ತದೆ? ಅದು ಬೆಳೆಯೋಕೆ ಬಿಸಿಲು ಎಲ್ಲಿಂದ ಬರುತ್ತದೆ? ಈ ಪ್ರಶ್ನೆ ಇಟ್ಟುಕೊಂಡು ಹೊರಟರೆ ನೋಡುವ ರೀತಿಯೇ ಬದಲಾಗುತ್ತದೆ. ಹಾಗಾಗಿ ಬಳಗಕ್ಕೆ ಹೊಸಬರು ಬಂದಾಗ ನಾನು ಮೊದಲು ಹೇಳುವುದು ಇಷ್ಟೇ: ನೆಲ ನೋಡಿ. ಎಷ್ಟು ಬೆಳಕು ಬಿದ್ದಿದೆ, ಆ ಬೆಳಕಿನಲ್ಲಿ ಯಾವ ಗಿಡ ಎದ್ದಿದೆ ನೋಡಿ.

ಇದನ್ನು ತೋರಿಸೋಕೆ ತೇಗದ ನೆಡುತೋಪಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನೆಡುತೋಪು ಅಂದರೆ ಬಹಳ ಜನಕ್ಕೆ ಬೇಜಾರು, ಅದರಲ್ಲಿ ನೋಡೋಕೇನಿದೆ ಅಂತಾರೆ. ನನಗೆ ಅಲ್ಲಿಂದಲೇ ಶುರು ಮಾಡೋದು ಇಷ್ಟ. ತೇಗ ನೆಟ್ಟು ಬೆಳೆಸುವ ಕೆಲಸ ದಕ್ಷಿಣದಲ್ಲಿ ಬಹಳ ಹಳೆಯದು. ಮಲಬಾರಿನ ಕಲೆಕ್ಟರ್ ಆಗಿದ್ದ ಕನೋಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ನೆಡಿಸಿದ ತೋಪಿನ ಒಂದು ತುಂಡು ಈಗಲೂ ಉಳಿದಿದೆ. ಆಗ ಬ್ರಿಟಿಷರಿಗೆ ಹಡಗು ಕಟ್ಟೋಕೆ ಮರ ಬೇಕಿತ್ತು. ಕಾಡಿನಲ್ಲಿ ಇದ್ದ ತೇಗವನ್ನು ಕಡಿದು ಕಡಿದು ಮುಗಿಸುತ್ತಾ ಬಂದಾಗ ನೆಡುವ ಯೋಚನೆ ಬಂತು. ನಮ್ಮ ಅರಣ್ಯ ಇಲಾಖೆಯ ಹಳೆಯ ಪದ್ಧತಿಗಳೆಲ್ಲ ಹೀಗೆ ಮರದ ಲೆಕ್ಕದಿಂದಲೇ ಹುಟ್ಟಿದವು. ಕಾಡುಪ್ರಾಣಿಯ ಲೆಕ್ಕ ಸೇರಿದ್ದು ಬಹಳ ತಡವಾಗಿ, ವನ್ಯಜೀವಿ ಕಾಯ್ದೆ ಬಂದದ್ದೇ 1972ರಲ್ಲಿ.

ತೋಪಿನಲ್ಲಿ ನಾವು ಮಾಡುವುದು ಸುಲಭದ ಕೆಲಸ. 10 ಮೀಟರ್ ಉದ್ದ, 10 ಮೀಟರ್ ಅಗಲಕ್ಕೆ ಹಗ್ಗ ಹಿಡಿದು ಚೌಕ ಮಾಡುತ್ತೇವೆ. ಸಾಮಾನ್ಯವಾಗಿ ತೇಗವನ್ನು 2 ಮೀಟರ್ ಅಂತರದಲ್ಲಿ ನೆಡುತ್ತಾರೆ, ಅಂದರೆ ಹೆಕ್ಟೇರಿಗೆ 2,500 ಗಿಡ, ನಮ್ಮ ಚೌಕದೊಳಗೆ 25. ಗಿಡ ಒಂದಷ್ಟು ಎತ್ತರವಾದ ಮೇಲೆ ಮೊದಲ ತೆಳುವು ಮಾಡುವಾಗ ಒಂದು ಬಿಟ್ಟು ಒಂದು ತೆಗೆಯುತ್ತಾರೆ. ಉಳಿಯೋದು ಹನ್ನೆರಡು ಹದಿಮೂರು. ಮುಂದೆ ಇನ್ನೂ ಕೆಲವು ಸಲ ತೆಳುವು ನಡೆಯುತ್ತದೆ, ಕೊನೆಗೆ ಅಷ್ಟು ಜಾಗದಲ್ಲಿ ಒಂದೆರಡೇ ದೊಡ್ಡ ಮರ. ನಾವು ಹಳೆಯ ಬೊಡ್ಡೆಗಳನ್ನು ಎಣಿಸುತ್ತೇವೆ, ನಿಂತ ಮರಗಳನ್ನು ಎಣಿಸುತ್ತೇವೆ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತೇವೆ. ಅಳತೆಗೆ ನಮ್ಮ ದೇಶದ ಅರಣ್ಯದವರೂ ಇದೇ ಎತ್ತರ ಇಟ್ಟುಕೊಂಡಿರುವುದರಿಂದ, ನಮ್ಮ ಅಂಕಿಯನ್ನು ರೇಂಜ್ ಆಫೀಸಿನ ಅಂಕಿಯ ಜೊತೆ ಹೋಲಿಸಬಹುದು.

ಈ ಹೊತ್ತಿಗೆ ಯಾರಾದರೂ ಕೇಳೇ ಕೇಳುತ್ತಾರೆ: ಅಷ್ಟು ಕಷ್ಟಪಟ್ಟು ನೆಟ್ಟ ಮರವನ್ನು ಕಡಿಯೋದು ತಪ್ಪಲ್ವಾ? ನಾನು ಉತ್ತರ ಹೇಳುವುದಿಲ್ಲ. ತೆಳುವು ಮಾಡದೆ ಬಿಟ್ಟ ತೋಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮರಗಳೆಲ್ಲ ಸಣಕಲಾಗಿ, ಒಂದನ್ನೊಂದು ಒತ್ತಿಕೊಂಡು ಮೇಲೆ ಹೋಗಿರುತ್ತವೆ. ಮಳೆಗಾಲದಲ್ಲಿ ಎಲೆ ತುಂಬಿದಾಗ ಕೆಳಗೆ ಮಬ್ಬು. ಆ ದೊಡ್ಡ ಎಲೆಯ ತುದಿಯಿಂದ ನೀರು ದಪ್ಪ ಹನಿಯಾಗಿ ಬೀಳುತ್ತದೆ, ಹುಲ್ಲಿಲ್ಲದ ನೆಲದಲ್ಲಿ ಮಣ್ಣು ಕೊಚ್ಚಿ ಹೋಗಿ ಬೇರು ಎದ್ದಿರುತ್ತದೆ. ಜಿಂಕೆ ಹಿಕ್ಕೆ ಹುಡುಕಿದರೆ ಸಿಗುವುದು ಕಷ್ಟ. ತೆಳುವಾದ ತೋಪಿನಲ್ಲಿ ಹುಲ್ಲಿದೆ, ಮತ್ತಿಯ ಸಸಿ ಇದೆ, ಹಿಕ್ಕೆ ಇದೆ. ಮರ ಉಳಿಸೋದೂ ಕಾಡು ಉಳಿಸೋದೂ ಯಾವಾಗಲೂ ಒಂದೇ ಅಲ್ಲ ಅನ್ನೋದನ್ನು ಭಾಷಣದಲ್ಲಿ ಹೇಳಿದರೆ ಜಗಳ ಆಗುತ್ತದೆ. ಎರಡು ತೋಪುಗಳ ನೆಲ ನೋಡಿದವರು ಜಗಳ ಆಡುವುದಿಲ್ಲ.

ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಬೆಳಕು ಬಿಟ್ಟ ಕೂಡಲೇ ಯಾರು ಮೊದಲು ಬರುತ್ತಾರೆ ಅನ್ನೋದು ದೊಡ್ಡ ಪ್ರಶ್ನೆ, ಎಷ್ಟೋ ಕಡೆ ಬಂದಿರೋದು ಲಂಟಾನ. ಅಮೆರಿಕದ ಉಷ್ಣ ಪ್ರದೇಶದ ಈ ಗಿಡವನ್ನು ಬ್ರಿಟಿಷರು ಅಲಂಕಾರಕ್ಕೆ ತಂದರು. ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಮೈಲಿಗಟ್ಟಲೆ ಅದೇ. ಅದರ ಜೊತೆಗೆ ಈಗ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಸೇರಿಕೊಂಡಿದೆ. ನೋಡೋಕೆ ಚೆಂದ, ಕಡಿದರೆ ಬೊಡ್ಡೆಯಿಂದ ಮತ್ತೆ ಮತ್ತೆ ಚಿಗುರುತ್ತದೆ.

ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ನಾವು ಜಾಸ್ತಿ ಹೊತ್ತು ಕಳೆಯೋದು ಆ ಕಾಡಿನಲ್ಲೇ ತಲೆಮಾರುಗಳಿಂದ ಬದುಕಿರುವ ಸೋಲಿಗರ ಹಿರಿಯರ ಜೊತೆ. ಅವರು ಹೇಳುವ ತರಗು ಬೆಂಕಿಯ ಕಥೆ ಪ್ರತಿಯೊಬ್ಬ ಕಾಡುಪ್ರೇಮಿಯೂ ಕೇಳಬೇಕು. ಹಿಂದೆ ಬೇಸಿಗೆ ಏರುವ ಮೊದಲೇ, ನೆಲದಲ್ಲಿ ಇನ್ನೂ ತಂಪಿರುವಾಗ, ಒಣಗಿದ ತರಗಿಗೆ ಸಣ್ಣಗೆ ಬೆಂಕಿ ಹಾಕುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏಳದೆ ನೆಲದ ಮೇಲೆ ಹರಿದು ಹೋಗುತ್ತಿತ್ತು. ಹುಲ್ಲು ಹೊಸದಾಗಿ ಚಿಗುರುತ್ತಿತ್ತು, ನೆಲ್ಲಿ ಮರದ ಮೇಲೆ ಕೂರುವ ಉಪ್ಪಿಲು ಅನ್ನೋ ಬಂದಳಿಕೆ ಹತೋಟಿಯಲ್ಲಿ ಇರುತ್ತಿತ್ತು. ಕಾಡು ಅಭಯಾರಣ್ಯ ಆದಮೇಲೆ ಆ ಬೆಂಕಿ ನಿಂತಿತು. ಆಮೇಲೆ ಲಂಟಾನ ಏರಿತು, ನೆಲ್ಲಿಯ ಮೇಲೆ ಉಪ್ಪಿಲು ಏರಿತು ಅನ್ನುತ್ತಾರೆ ಅವರು. ಲಂಟಾನ ಹರಡಿದ್ದನ್ನು ಅಲ್ಲಿ ಅಳತೆ ಮಾಡಿದ ಸಂಶೋಧಕರೂ ಇದ್ದಾರೆ: 1997 ಮತ್ತು 2008ರ ನಡುವೆ ಅದು ಸುಮಾರು ದುಪ್ಪಟ್ಟಾಯಿತು. ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆದದ್ದು 2011ರಲ್ಲಿ, ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಆ ಹಿರಿಯರ ಮಾತನ್ನು ಅನುಭವದ ಕಥೆ ಅಂತ ಬದಿಗಿಡಬಾರದು, ನಿರ್ವಹಣಾ ಯೋಜನೆಯ ಒಳಗೆ ಬರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಂತ ಕಾಡಿಗೆ ಬೆಂಕಿ ಹಾಕಿ ಅಂತ ನಾನು ಹೇಳುತ್ತಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಬೆಂಕಿಗೆ ಸಾವಿರಾರು ಹೆಕ್ಟೇರ್ ಸುಟ್ಟುಹೋಯಿತು. ಲಂಟಾನ ಒಣಗಿ ನಿಂತ ಕಡೆ ಬೆಂಕಿ ನೆಲದಲ್ಲಿ ಇರುವುದಿಲ್ಲ, ಪೊದೆ ಹತ್ತಿ ಮರದ ರೆಂಬೆಗೆ ಹೋಗುತ್ತದೆ. ಈಗ ಅಲ್ಲಿ ಯಾರೋ ಸುಮ್ನೆ ಕಡ್ಡಿ ಗೀರಿದರೆ ಹಳೆಯ ತರಗು ಬೆಂಕಿ ಬರುವುದಿಲ್ಲ, ಅನಾಹುತ ಬರುತ್ತದೆ. ಬೆಂಕಿ ಬೇಕೋ ಬೇಡವೋ ಅಂತ ವಾದ ಮಾಡುವವರು ಮೊದಲು ಫೈರ್ ವಾಚರ್‌ಗಳ ಜೊತೆ ಬೆಂಕಿರೇಖೆಯಲ್ಲಿ ಒಂದು ಬೆಳಗ್ಗೆ ನಡೆಯಬೇಕು. ಚಳಿಗಾಲದಲ್ಲೇ ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಗಾಳಿ ಇಲ್ಲದ ಹೊತ್ತು ನೋಡಿ ಸುಡುತ್ತಾರೆ. ಬೆಂಕಿ ಬಿದ್ದಾಗ ಹಸಿ ಸೊಪ್ಪಿನ ರೆಂಬೆ ಹಿಡಿದು ಬಡಿಯುವವರೂ ಇವರೇ. ಬಹಳ ಜನ ದಿನಗೂಲಿಯವರು. ಯಾವ ಸುತ್ತಾಟದಲ್ಲಾದರೂ ಇವರು ಮಾತಾಡುವುದಕ್ಕೆ ಸಾಹೇಬರ ಭಾಷಣಕ್ಕಿಂತ ಜಾಸ್ತಿ ಸಮಯ ಇಡುತ್ತೇನೆ. ನಡೆಯುವಾಗ ಕೇಳಬೇಕು, ಸಾಲಾಗಿ ಕೂರಿಸಿ ಕೇಳಿದರೆ ಅವರು ಮಾತಾಡುವುದಿಲ್ಲ. "ಅಣ್ಣಾ, ಈ ಕಡೆ ಹೋದ ವರ್ಷ ಹೀಗೇ ಇತ್ತಾ?" ಅಂದರೆ ಸಾಕು, ಒಂದು ಗಂಟೆ ಮಾತು ಸಿಗುತ್ತದೆ.

ಲಂಟಾನ ತೆಗೆಯೋ ಕೆಲಸಕ್ಕೂ ನಾವು ಕೈ ಹಾಕಿದ್ದೇವೆ, ಇಲಾಖೆಯವರು ತೋರಿಸಿದ ಜಾಗದಲ್ಲಿ ಮಾತ್ರ. ಮೇಲಿಂದ ಸವರಿದರೆ ಪ್ರಯೋಜನ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ಒಂದು ಕ್ರಮ ಇದೆ: ಬುಡವನ್ನು ಮಣ್ಣಿನ ಸ್ವಲ್ಪ ಕೆಳಗೆ ಕಡಿದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗೆ ಮಾಡಿ ಇಡಬೇಕು. ಆಗ ಮತ್ತೆ ಚಿಗುರುವುದು ಕಡಿಮೆ. ಕಾಯಿ ಹಣ್ಣಾಗುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಬೀಜ ಉದುರುತ್ತದೆ. ಪಿಕಳಾರದಂಥ ಹಕ್ಕಿಗಳು ಬೀಜ ತಂದು ಹಾಕುವ ಮರಗಳ ಕೆಳಗೆ ಮರುವರ್ಷ, ಅದರ ಮರುವರ್ಷವೂ ಹೋಗಿ ಸಸಿ ಕೀಳಬೇಕು. ತೆಗೆದ ಜಾಗವನ್ನು ಖಾಲಿ ಬಿಡಬಾರದು, ಸ್ಥಳೀಯ ಹುಲ್ಲು ಬರುವ ಹಾಗೆ ನೋಡಿಕೊಳ್ಳಬೇಕು. ಒಂದು ದಿನ ಹೋಗಿ ಕಿತ್ತು ಫೋಟೊ ತೆಗೆಸಿಕೊಂಡು ಬರುವುದಾದರೆ ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಬೆಳಕು ತೆರೆದು ಬಿಟ್ಟು ಬಂದ ಹಾಗಾಗುತ್ತದೆ, ಮುಂದಿನ ಮಳೆಗೆ ಇನ್ನೂ ದಟ್ಟವಾಗಿ ಏಳುತ್ತದೆ.

ಉತ್ತರ ಕನ್ನಡದ ಕಡೆ ಹೋದಾಗ ಪಾಠ ಬೇರೆ. ಅಲ್ಲಿನ ಸೊಪ್ಪಿನಬೆಟ್ಟ ನೋಡದೆ ಬರಬೇಡಿ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಅಂದರೆ ಒಣ ಎಲೆ ತರೋಕೆ ತೋಟದ ಒಂದು ಎಕರೆಗೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಅದು. ಭೂಮಿ ಸರ್ಕಾರದ್ದು, ಬಳಕೆ ತೋಟಿಗರದ್ದು. ಚೆನ್ನಾಗಿ ನೋಡಿಕೊಂಡ ಬೆಟ್ಟದಲ್ಲಿ ಮರವನ್ನು ತುದಿ ಉಳಿಸಿ ಸೊಪ್ಪು ಕಡಿದಿರುತ್ತಾರೆ, ಸರದಿ ಪ್ರಕಾರ ಬಿಡುವು ಕೊಟ್ಟಿರುತ್ತಾರೆ, ಕೆಳಗೆ ಕರಡದ ಹುಲ್ಲು ಬೆಳೆದಿರುತ್ತದೆ. ಅದರ ಪಕ್ಕದಲ್ಲೇ ಪೂರ್ತಿ ಬೋಳಾದ ಬೆಟ್ಟವೂ ಇರುತ್ತದೆ. ಕಾನೂನು ಎರಡಕ್ಕೂ ಒಂದೇ, ಮಳೆ ಒಂದೇ, ಮಣ್ಣು ಒಂದೇ. ವ್ಯತ್ಯಾಸ ನೋಡಿಕೊಂಡವರದ್ದು. ತೋಟಿಗರನ್ನೂ ಫಾರೆಸ್ಟ್ ಗಾರ್ಡನ್ನೂ ಒಟ್ಟಿಗೆ ಅಲ್ಲಿ ನಿಲ್ಲಿಸಿ ಮಾತಾಡಿಸಿದ್ದೇವೆ. ಮೊದಲು ಮುಖ ಬಿಗಿದುಕೊಂಡವರು ಬುಡದ ಸಸಿ ಎಣಿಸೋಕೆ ಶುರು ಮಾಡಿದ ಮೇಲೆ ಸಲೀಸಾಗಿ ಮಾತಾಡಿದರು. ಇದೇ ಶಿರಸಿ ಸೀಮೆಯ ಸಾಲ್ಕಣಿಯವರು 1983ರ ಸೆಪ್ಟೆಂಬರಿನಲ್ಲಿ ಮರ ಕಡಿಯುತ್ತಿದ್ದ ಕೂಪಿಗೆ ನುಗ್ಗಿ ಮರ ಅಪ್ಪಿಕೊಂಡು ನಿಂತದ್ದು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ನಾನಾ ಜಾತಿಯ ಮರಗಳ ಕಾಡು ಕಡಿದು ತೇಗ ನೆಟ್ಟರೆ ತೋಟಕ್ಕೆ ಸೊಪ್ಪೆಲ್ಲಿ, ಬೇಸಿಗೆಯಲ್ಲಿ ಹಳ್ಳಕ್ಕೆ ನೀರೆಲ್ಲಿ ಅನ್ನೋದು ಅವರಿಗೆ ದಿನದ ಬದುಕಿನಿಂದ ಗೊತ್ತಿತ್ತು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋದಾಗ ಮಾತ್ರ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ತಿರುಗಿಸಿ ಹೇಳಬೇಕಾಗುತ್ತದೆ. ಅದು ರಾಮಪತ್ರೆ ಮರಗಳ ಜಡ್ಡಿ, ಸದಾ ನೀರು ನಿಂತ ನೆಲ. ಉಸಿರಾಡೋಕೆ ಬೇರುಗಳು ಮಂಡಿಯಂತೆ ಮಡಚಿಕೊಂಡು ಕೆಸರಿನಿಂದ ಮೇಲೆ ಎದ್ದಿರುತ್ತವೆ. ಅಲ್ಲಿ ಬೆಳಕು ಬಿಡಲೇಬಾರದು. ಮೇಲಿನ ಮರ ಒಂದು ಹೋದರೆ ನೆಲ ಒಣಗುತ್ತದೆ, ರಾಮಪತ್ರೆ ಬೀಜಗಳಿಗೆ ಒಣ ನೆಲ ಆಗದು. ಸಿಂಗಳೀಕ ಬದುಕಿರೋದು ಇಂಥ ನಿತ್ಯಹಸಿರು ಕಾಡಿನ ಮೇಲ್ಚಾವಣಿಯಲ್ಲೇ. ಇಲ್ಲಿಗೆ ನಾವು ಬಹಳ ಕಡಿಮೆ ಜನ ಹೋಗುತ್ತೇವೆ, ಜಡ್ಡಿಯ ಒಳಗೆ ಕಾಲಿಡದೆ ಅಂಚಿನಲ್ಲೇ ನಿಂತು ನೋಡುತ್ತೇವೆ.

ದಾಂಡೇಲಿಯಲ್ಲಿ ತೋರಿಸುವುದು ಪೊಳ್ಳು ಮರ. ಹಳೆಯ ಪದ್ಧತಿಯಲ್ಲಿ ಸತ್ತ ಮರ, ಪೊಳ್ಳು ಮರ ಅಂದರೆ ತೆಗೆಯಬೇಕಾದ ಮರ. ಮಂಗಟ್ಟೆ ಹಕ್ಕಿಗೆ, ಅಂದರೆ ಹಾರ್ನ್‌ಬಿಲ್‌ಗೆ, ಅದೇ ಮನೆ. ಮಂಗಟ್ಟೆ ತಾನಾಗಿ ಪೊಟರೆ ಕೊರೆಯಲಾರದು. ದೊಡ್ಡ ಮರದಲ್ಲಿ ರೆಂಬೆ ಮುರಿದೋ ತಿರುಳು ಕೊಳೆತೋ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಸಣ್ಣ ಸಂದಿಯಿಂದ ಹಣ್ಣು ಕೊಡುತ್ತದೆ. 2011ರಲ್ಲಿ ಅಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಗೂಡಿನ ಕಾಲದಲ್ಲಿ ಆ ಮರದ ಹತ್ತಿರ ಗುಂಪಾಗಿ ನಿಲ್ಲಬೇಡಿ. ಗಂಡು ಹೆದರಿ ಬರದಿದ್ದರೆ ಒಳಗಿರುವುದಕ್ಕೆ ಊಟ ಇಲ್ಲ.

ಇನ್ನು ಹೋಗುವವರಿಗೆ ಒಂದಷ್ಟು ವಿಷಯ. ಅನುಮತಿ ಇಲ್ಲದೆ ಮೀಸಲು ಅರಣ್ಯಕ್ಕೆ ಕಾಲಿಡಬೇಡಿ. ಮೊದಲು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೆ ಖುದ್ದಾಗಿ ಹೋಗಿ, ಯಾವ ಜಾಗ, ಎಷ್ಟು ಜನ, ಏನು ನೋಡುತ್ತೀರಿ ಅಂತ ಬರೆದು ಕೊಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಆದರೆ ಮೇಲಿನ ಕಚೇರಿಗೆ ಹೋಗಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಗುಂಪು 15 ಜನಕ್ಕಿಂತ ದೊಡ್ಡದಾದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಆನೆ ಓಡಾಡುವ ಕಡೆ ವಾಚರ್ ಹೇಳಿದ್ದೇ ಕೊನೆಯ ಮಾತು, ವಾಪಸ್ ಅಂದರೆ ವಾಪಸ್.

ಮಲೆನಾಡಿಗೆ ಡಿಸೆಂಬರಿನಿಂದ ಮೇ ತನಕ ಹೋಗುವವರು ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗಿನಿಂದ ಬರುತ್ತದೆ. ಉದ್ದ ತೋಳಿನ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ, ತರಗಿನ ಮೇಲೆ ಕೂರುವ ಹಾಗಿಲ್ಲ. ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದ ಹಾಗೆ ಮಾಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ವೈದ್ಯರಿಗೆ ತಪ್ಪದೆ ಹೇಳಿ.

ವಾಪಸ್ ಬಂದ ವಾರದೊಳಗೆ ನಾವು ಬರೆದುಕೊಂಡ ಅಂಕಿ, ಫೋಟೊ ಎಲ್ಲವನ್ನೂ ಒಂದೆರಡು ಪುಟ ಮಾಡಿ ರೇಂಜ್ ಆಫೀಸಿಗೆ ಕೊಡುತ್ತೇವೆ. ಫೋಟೊ ಯಾವಾಗಲೂ ಅದೇ ಮರದ ಪಕ್ಕ ನಿಂತು, ಅದೇ ದಿಕ್ಕಿಗೆ, ವರ್ಷದ ಅದೇ ತಿಂಗಳಲ್ಲಿ. ಸಿಬ್ಬಂದಿ ವರ್ಗವಾಗಿ ಹೋಗುತ್ತಿರುತ್ತಾರೆ, ಹೊಸಬರಿಗೆ ಆ ಜಾಗ ಮೊದಲು ಹೇಗಿತ್ತು ಅಂತ ತಿಳಿಯೋಕೆ ಇದು ನೆರವಾಗುತ್ತದೆ. ಒಂದು ಪ್ರತಿ ಆ ಊರಿನ ಗ್ರಾಮ ಅರಣ್ಯ ಸಮಿತಿಗೂ ಕೊಡಿ, ಕನ್ನಡದಲ್ಲೇ ಬರೆದು ಕೊಡಿ.