ಕಾಲುನೋವು ಅಂತ ಕೂತ ಮಗುವಿಗೆ ಮೊದಲು ಬೆರಳಿಟ್ಟು ನೋಡಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ಮಕ್ಕಳನ್ನು ಓಡಿಸುತ್ತೇನೆ. ಕ್ರೀಡಾಕೂಟ ಹತ್ತಿರ ಬಂತು ಅಂದರೆ ಯಾರಾದರೂ ಕಾಲು ಹಿಡಿದು ಕೂರುತ್ತಾರೆ. ಹೋದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿ. "ಸರ್, ಶುರುವಲ್ಲಿ ನೋಯತ್ತೆ, ಆಮೇಲೆ ಬಿಡತ್ತೆ" ಅಂದಳು.

ಶೂ ಬಿಚ್ಚಿಸಿ ಕೂರಿಸಿ. ಮೊಣಕಾಲ ಕೆಳಗಿನ ಮೂಳೆಯ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ನಾಲ್ಕೈದು ಬೆರಳಗಲ ಉದ್ದಕ್ಕೂ ನೋವಿದ್ದರೆ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಹೊರೆ ಹೆಚ್ಚಾಗಿ ಆ ಮೂಳೆಯಂಚಿಗೆ ಬರುವ ನೋವು, ಇರಬಹುದು. ಒಂದೇ ಚುಕ್ಕೆಯಲ್ಲಿ ಚುಳ್ ಅಂದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಓಟ ಅಲ್ಲಿಗೇ ನಿಲ್ಲಿಸಿ. ಮೂಳೆ ಡಾಕ್ಟರ್ ನೋಡಲಿ. ಮೂಳೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿರಬಹುದು, ಮೊದಲ ವಾರಗಳಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಓಡುವಾಗ ಪಾದ ಜೋಮು ಹಿಡಿದರೂ ಡಾಕ್ಟರ್ ಹತ್ತಿರವೇ ಹೋಗಿ. ಹುಡುಗಿಯರಿಗೆ ಮುಟ್ಟು ತಪ್ಪುತ್ತಿದೆಯಾ ಅಂತ ಅಮ್ಮನಿಂದ ಕೇಳಿಸಿ, ಸಂಕೋಚ ಬೇಡ. ಊಟ ಸಾಲದೆ ಮೂಳೆ ಸೊರಗುತ್ತಿರುವ ಗುರುತಿರಬಹುದು ಅದು.

ಇನ್ನು ಓಟ. ಪಕ್ಕದಿಂದ ಮೊಬೈಲಲ್ಲಿ ವಿಡಿಯೊ ತೆಗೆದು ನಿಧಾನಕ್ಕೆ ನೋಡಿ. ಈ ಹುಡುಗಿಯ ಹೆಜ್ಜೆ ತುಂಬಾ ಉದ್ದ, ಹಿಮ್ಮಡಿ ಮಂಡಿಗಿಂತ ಬಹಳ ಮುಂದೆ ಬೀಳುತ್ತಿತ್ತು. ಅರ್ಧ ನಿಮಿಷಕ್ಕೆ 76 ಹೆಜ್ಜೆ. ವೇಗ ಅಷ್ಟೇ ಇಟ್ಟು 81ಕ್ಕೆ ತಂದೆವು. ಪಾದ ಮೈ ಕೆಳಗೆ ಬೀಳತೊಡಗಿತು, ದಬದಬ ಸದ್ದೂ ಇಳಿಯಿತು. ಸುಮ್ನೆ "ಮುಂಗಾಲಲ್ಲಿ ಓಡು" ಅನ್ನಬೇಡಿ, ಭಾರವೆಲ್ಲ ಮೀನಖಂಡಕ್ಕೆ ಹೋಗುತ್ತದೆ.

ಇದೆಲ್ಲ ನೋವು ಇಳಿದ ಮೇಲೆ. ಅಲ್ಲಿವರೆಗೆ ಸೈಕಲ್ ತುಳಿಯಲಿ, ಮೆಟ್ಟಿಲಂಚಲ್ಲಿ ನಿಂತು ನೋವಾಗದಷ್ಟು ಸಲ ಹಿಮ್ಮಡಿ ಎತ್ತಿ ಇಳಿಸಲಿ. ಆಮೇಲೆ ಮಣ್ಣಿನ ದಾರಿಯಲ್ಲಿ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ದಿನ ಬಿಟ್ಟು ದಿನ.