ಅತ್ತೆ ಅಂದರೆ ಯಾರು? ಸ್ವೀಡನ್ ಆಸ್ಪತ್ರೆಯಲ್ಲಿ ಸಂಬಂಧದ ಪದಗಳನ್ನು ಅನುವಾದಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ಸ್ವೀಡನ್ನಿನಲ್ಲಿ ಗೆಳತಿಯೊಬ್ಬಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಎಂದು ನರ್ಸ್ ಕೇಳಿದರು. 'ನಮ್ಮ ಅತ್ತೆಗೆ ಇತ್ತು' ಅಂದಳು. ನಾನು ಅದನ್ನು ಸ್ವೀಡಿಷ್‌ನಲ್ಲಿ 'ಸ್ವೇರ್‌ಮುರ್' ಎಂದು ಹೇಳಿಬಿಟ್ಟೆ. ಅಂದರೆ ಗಂಡನ ತಾಯಿ. ನರ್ಸ್ ತಲೆಯಾಡಿಸಿ, ಏನೂ ಬರೆದುಕೊಳ್ಳದೆ ಮುಂದಿನ ಪ್ರಶ್ನೆಗೆ ಹೋದರು. ಗಂಡನ ತಾಯಿಯ ಕಾಯಿಲೆ ಸೊಸೆಗೆ ರಕ್ತದಲ್ಲಿ ಬರುವುದಿಲ್ಲವಲ್ಲ.

ಮನೆಗೆ ಬಂದು ಕಾಫಿ ಕುಡಿಯುವಾಗ ಗೊತ್ತಾಯಿತು. ಅವಳು ಹೇಳಿದ್ದು ಅಪ್ಪನ ತಂಗಿಯ ವಿಷಯ. ಸ್ವೀಡಿಷ್‌ನಲ್ಲಿ ಅದು 'ಫಾಸ್ತೆರ್'. ಸ್ತನ ಕ್ಯಾನ್ಸರಿನ ಅಪಾಯ ಅಪ್ಪನ ಕಡೆಯಿಂದಲೂ ಬರಬಹುದು. ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ ಸರಿಪಡಿಸಿದೆವು. ಅವತ್ತಿನಿಂದ ನಾನು ಪಾಲಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ಹೇಳುತ್ತಿದ್ದೇನೆ. ಸ್ವೀಡನ್ನಿನಲ್ಲಿ ಅಪ್ಪ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವವರಿಗೆ, ಅಲ್ಲಿನ ಕರಪತ್ರಗಳನ್ನು ಕನ್ನಡಕ್ಕೆ ತರುವವರಿಗೆ ಉಪಯೋಗವಾಗಲಿ.

ಮೊದಲು ಪದವನ್ನು ಬಿಡಿಸಿ

ಕನ್ನಡದ ಅತ್ತೆ ಅಪ್ಪನ ಅಕ್ಕತಂಗಿಯೂ ಹೌದು, ಸೋದರಮಾವನ ಹೆಂಡತಿಯೂ ಹೌದು, ಗಂಡ ಅಥವಾ ಹೆಂಡತಿಯ ತಾಯಿಯೂ ಹೌದು. ಮಾವನ ಕಥೆಯೂ ಇಷ್ಟೇ. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ ಇರಬಹುದು, ದೊಡ್ಡಪ್ಪನ ಹೆಂಡತಿ ಇರಬಹುದು. ಒಬ್ಬರದು ರಕ್ತಸಂಬಂಧ, ಇನ್ನೊಬ್ಬರದು ಮದುವೆಯಿಂದ ಬಂದದ್ದು. ಮನೆಯಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಆಸ್ಪತ್ರೆಯಲ್ಲಿ ಮಾತ್ರ ಈ ವ್ಯತ್ಯಾಸವೇ ಮುಖ್ಯ.

ಹಾಗಾಗಿ ಸಂಬಂಧದ ಹೆಸರು ಕಿವಿಗೆ ಬಿದ್ದ ಕೂಡಲೇ ಅನುವಾದಿಸಬೇಡಿ. 'ಅಂದರೆ ಅಪ್ಪನ ತಂಗಿನಾ, ಗಂಡನ ಅಮ್ಮನಾ?' ಎಂದು ಕೇಳಿ. ಸ್ವೀಡಿಷ್ ಪದಗಳನ್ನು ಕಟ್ಟಿರುವುದೂ ಹೀಗೇ. 'ಮುರ್' ಅಂದರೆ ತಾಯಿ, 'ಫಾರ್' ಅಂದರೆ ತಂದೆ. ಅಮ್ಮನ ಅಮ್ಮ ಮುರ್‌ಮುರ್, ಅಪ್ಪನ ಅಮ್ಮ ಫಾರ್‌ಮುರ್. ಸೋದರಮಾವ ಮುರ್‌ಬ್ರೂರ್. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಫಾರ್‌ಬ್ರೂರ್. ಅಮ್ಮನ ಅಕ್ಕತಂಗಿಯರೆಲ್ಲ ಮುಸ್ತೆರ್. ನಾವು ಎರಡೂ ಕಡೆಯವರನ್ನು ಅಜ್ಜಿ ಅಂದು ಸುಮ್ಮನಾಗುತ್ತೇವೆ, ಅವರು ಬೇರೆ ಮಾಡುತ್ತಾರೆ. ಅವರು ಹಿರಿಯ, ಕಿರಿಯ ಎಂದು ನೋಡುವುದಿಲ್ಲ, ನಾವು ಬಿಡುವುದೇ ಇಲ್ಲ.

ಇನ್ನೊಂದು ಕಡೆ ಎಡವುವುದು ಜಾಸ್ತಿ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಅನ್ನುತ್ತೇವೆ. ಸ್ವೀಡನ್ನಿನಲ್ಲಿ ಅವನು 'ಕುಸೀನ್'. ಒಡಹುಟ್ಟಿದವರಿಗೆ ಮಾತ್ರ 'ಸಿಸ್ಕೊನ್'. 'ಅಣ್ಣನಿಗೆ ನಲವತ್ತಕ್ಕೇ ಹಾರ್ಟ್ ಅಟ್ಯಾಕ್ ಆಯ್ತು' ಅಂದರೆ, ಒಂದೇ ತಾಯಿ ತಂದೆಯ ಮಕ್ಕಳಾ ಎಂದು ಕೇಳಲೇಬೇಕು. ಬಸುರಿಯರ ಮೊದಲ ಭೇಟಿಯಲ್ಲಿ ಗಂಡ ಹೆಂಡತಿ ಮೊದಲೇ ಸಂಬಂಧಿಕರಾ ಎಂದು ಕೇಳಿದರೆ, ಸೋದರಮಾವನ ಮಗನನ್ನು ಮದುವೆಯಾದವರು ಹಾಗೆಂದೇ ಹೇಳಿ. ಮುಚ್ಚಿಡುವ ವಿಷಯ ಅಲ್ಲ ಅದು, ಮಗುವಿನ ಆರೋಗ್ಯಕ್ಕಾಗಿ ಕೇಳುವ ಪ್ರಶ್ನೆ.

ಆಮೇಲೆ ಎರಡು ದೊಡ್ಡ ಪದಗಳು

'ಆನ್‌ಹೋರಿಗ್' ಮತ್ತು 'ನ್ಯಾರ್‌ಸ್ಟೋಎಂಡೆ'. ಫಾರ್ಮುಗಳಲ್ಲಿ, ಕರಪತ್ರಗಳಲ್ಲಿ, ಕಾನೂನಿನಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಎರಡಕ್ಕೂ 'ಸಂಬಂಧಿಕರು' ಎಂದು ಹಾಕಿದ ಅನುವಾದಗಳನ್ನು ನೋಡಿದ್ದೇನೆ. ನನ್ನ ಪ್ರಕಾರ ಅದು ತಪ್ಪು.

ಅಲ್ಲಿನ ಆರೋಗ್ಯ ಮತ್ತು ಸಮಾಜಸೇವೆಯ ರಾಷ್ಟ್ರೀಯ ಮಂಡಳಿ, ಸೊಸಿಯಾಲ್‌ಸ್ಟೀರೆಲ್ಸೆನ್, ಇಂಥ ಪದಗಳ ಕೋಶವನ್ನೇ ಇಟ್ಟಿದೆ. ಅದರ ಪ್ರಕಾರ ಆನ್‌ಹೋರಿಗ್ ಅಂದರೆ ಕುಟುಂಬದವರು ಅಥವಾ ತೀರಾ ಹತ್ತಿರದ ನೆಂಟರು. ನ್ಯಾರ್‌ಸ್ಟೋಎಂಡೆ ಅಂದರೆ ಆ ವ್ಯಕ್ತಿ ತನಗೆ ಹತ್ತಿರ ಎಂದುಕೊಂಡವರು. ಅಕ್ಷರಶಃ 'ಹತ್ತಿರ ನಿಂತವರು'. ಗೆಳತಿ, ಪಕ್ಕದ ಮನೆಯವರು, ಯಾರೂ ಆಗಬಹುದು. ಯಾರು ಹತ್ತಿರ ಎಂದು ತೀರ್ಮಾನಿಸುವುದು ರೋಗಿಯೇ. ಈ ಪದ ನನಗೆ ತುಂಬಾ ಇಷ್ಟವಾಗುವುದೂ ಅದಕ್ಕೇ.

ಆನ್‌ಹೋರಿಗ್‌ಗೆ 'ಕುಟುಂಬದವರು' ಎಂದು ಹಾಕಿ. 'ಮನೆಯವರು' ಬೇಡ. 'ನಮ್ಮ ಮನೆಯವರು' ಅಂದರೆ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಗಂಡ ಮಾತ್ರ, ಅಲ್ವಾ? ನ್ಯಾರ್‌ಸ್ಟೋಎಂಡೆಗೆ 'ಆಪ್ತರು' ಸರಿಹೊಂದುತ್ತದೆ. ಮಾತಿನಲ್ಲಾದರೆ 'ನೀವು ನಮ್ಮವರು ಅಂದುಕೊಂಡವರು' ಅನ್ನಿ.

ಇದರಿಂದ ಏನು ವ್ಯತ್ಯಾಸವಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಸ್ವೀಡನ್ನಿನ ಸಾಮಾಜಿಕ ವಿಮಾ ಸಂಸ್ಥೆ 'ನ್ಯಾರ್‌ಸ್ಟೋಎಂಡೆ ಪೆನ್ನಿಂಗ್' ಎಂಬ ಭತ್ಯೆ ಕೊಡುತ್ತದೆ. ಜೀವಕ್ಕೆ ಅಪಾಯವಿರುವ ಕಾಯಿಲೆಯವರ ಜೊತೆ ಇರಲು ಕೆಲಸಕ್ಕೆ ರಜೆ ಹಾಕಿದವರಿಗೆ ಅದು. ಒಬ್ಬ ರೋಗಿಗೆ ಸಾಮಾನ್ಯವಾಗಿ 100 ದಿನ, ಅದನ್ನು ಹಲವರು ಹಂಚಿಕೊಳ್ಳಬಹುದು. ನೆಂಟರೇ ಆಗಿರಬೇಕಿಲ್ಲ. ಇದನ್ನು 'ಸಂಬಂಧಿಕರ ಭತ್ಯೆ' ಎಂದು ಬರೆದರೆ ಹಗಲೂರಾತ್ರಿ ಪಕ್ಕದಲ್ಲಿ ಕೂತ ಗೆಳತಿ ಅರ್ಜಿಯನ್ನೇ ಹಾಕುವುದಿಲ್ಲ. 'ಆಪ್ತರ ಭತ್ಯೆ' ಎಂದು ಬರೆಯಿರಿ.

ಒಂದು ಎಚ್ಚರಿಕೆ. ಆರೈಕೆ ಮಾಡುವವರಿಗೆ ನೆರವು ಕೊಡಬೇಕು ಎಂದು 2009ರ ಜುಲೈ 1ರಿಂದ ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಕಾನೂನೇ ಹೇಳಿದೆ. ಆ ನೆರವಿನ ಕರಪತ್ರಗಳಲ್ಲಿ ಆನ್‌ಹೋರಿಗ್ ಅಂದರೆ ಆರೈಕೆ ಮಾಡುವವರು, ನ್ಯಾರ್‌ಸ್ಟೋಎಂಡೆ ಅಂದರೆ ಆರೈಕೆ ಪಡೆಯುವವರು. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರನ್ನು ಸೂಚಿಸುವ ಪದವೇ ಇಲ್ಲಿ ರೋಗಿಗೆ ಬಂದಿರುತ್ತದೆ. ಪೂರ್ತಿ ಓದಿ, ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ತಿಳಿದುಕೊಂಡೇ ಪದ ಆರಿಸಿ.

ಪದಶಃ ಹೋದರೆ ದಾರಿ ತಪ್ಪಿಸುವವು

'ಗೂದ್ ಮಾನ್' ಅಂದರೆ ಒಳ್ಳೆಯ ಮನುಷ್ಯ ಅಲ್ಲ. ತನ್ನ ವ್ಯವಹಾರ ನೋಡಿಕೊಳ್ಳಲಾಗದವರಿಗೆ ಕಾನೂನಿನ ಪ್ರಕಾರ ನೇಮಿಸಿದ ಪ್ರತಿನಿಧಿ, ಹೆಂಗಸೂ ಆಗಿರಬಹುದು. 'ಸಾಮ್‌ಬೂ' ಮದುವೆಯಾಗದೆ ಒಟ್ಟಿಗೆ ಬಾಳುವ ಸಂಗಾತಿ. 2003ರಲ್ಲಿ ಅವರಿಗಾಗಿಯೇ ಬಂದ ಕಾನೂನೂ ಇದೆ. ಗಂಡ, ಹೆಂಡತಿ ಎಂದು ಬದಲಾಯಿಸಬೇಡಿ, ದನಿಯಲ್ಲಿ ಮುಜುಗರವನ್ನೂ ತರಬೇಡಿ. 'ವೋರ್ಡ್‌ನಾಡ್ಸ್‌ಹಾವಾರೆ' ಮಗುವಿನ ಕಾನೂನುಬದ್ಧ ಪೋಷಕರು. ಲಸಿಕೆಗೆ ಕರೆತಂದ ಅಜ್ಜಿ ಆ ಪದದೊಳಗೆ ಬರುವುದಿಲ್ಲ. 'ಬೋನಸ್‌ಮಮ್ಮಾ'ಗೆ ಮಲತಾಯಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಪ್ರೀತಿಯಿಂದ ಹುಟ್ಟಿದ ಪದ. 'ಅಪ್ಪನ ಈಗಿನ ಹೆಂಡತಿ' ಅಥವಾ 'ಅಪ್ಪನ ಈಗಿನ ಸಂಗಾತಿ' ಅಂದರೆ ಸಾಕು.

ಕೊನೆಗೆ ಫಾರ್ಮಿನ ಆ ಒಂದು ಸಾಲು

'ನ್ಯಾರ್ಮಸ್ಟ್ ಆನ್‌ಹೋರಿಗ್', ಅಂದರೆ ತೀರಾ ಹತ್ತಿರದ ಕುಟುಂಬದವರು ಯಾರು ಎಂದು ಒಂದು ಸಾಲು ಇರುತ್ತದೆ. ಮಗ ಜೊತೆಗಿದ್ದಾನೆ ಎಂದು ಸುಮ್ನೆ ಅವನ ಹೆಸರು ತುಂಬಿಸಬೇಡಿ. ನಮ್ಮ ಕಡೆ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು ಮೊದಲು ಅವನಿಗೇ ಹೇಳುವುದುಂಟು. ಅಲ್ಲಿ ಗೋಪ್ಯತೆಯ ನಿಯಮ ಬಿಗಿ. ಯಾರಿಗೆ ಎಷ್ಟು ಹೇಳಬಹುದು ಎಂದು ರೋಗಿಯನ್ನೇ ಕೇಳುತ್ತಾರೆ. ಆ ಪ್ರಶ್ನೆಯನ್ನು ನೀವು ಅನುವಾದಿಸಿ, ಉತ್ತರ ಅವರೇ ಕೊಡಲಿ. ದೊಡ್ಡ ಕಾಯಿಲೆಯ ಮಾತಾದರೆ ಕುಟುಂಬದವರು ದುಭಾಷಿ ಆಗುವುದೇ ಬೇಡ, 'ತೋಲ್ಕ್', ಅಂದರೆ ವೃತ್ತಿಪರ ದುಭಾಷಿ, ಬೇಕು ಎಂದು ಮುಂಚೆಯೇ ಕೇಳಿ.

ಒಮ್ಮೆ ಒಬ್ಬ ಅಮ್ಮನಿಗೆ ಆ ಸಾಲನ್ನು ಹೀಗೆ ಹೇಳಿದೆ: 'ರಾತ್ರಿ ನಿಮಗೇನಾದರೂ ಆದರೆ ಮೊದಲು ಯಾರಿಗೆ ಫೋನ್ ಮಾಡಬೇಕು?' ಮಗ ಪಕ್ಕದಲ್ಲೇ ಕೂತಿದ್ದ. ಅವರು ಅವನ ಕೈ ಹಿಡಿದುಕೊಂಡೇ, ಕೆಳಗಿನ ಮನೆಯ ಸ್ವೀಡಿಷ್ ಅಜ್ಜಿಯ ಹೆಸರು ಹೇಳಿದರು. 'ಇವನಿಗೆ ನೈಟ್ ಶಿಫ್ಟ್, ಅವರೇ ಬೇಗ ಬರೋದು' ಅಂದರು. ನರ್ಸ್ ಮಗನ ಹೆಸರಿನ ಮೇಲೆ ಇನ್ನೊಂದು ಸಾಲು ಮಾಡಿ ಅದನ್ನೇ ಬರೆದುಕೊಂಡರು.